ಏಜೆಂಟ್ ಓಡುತ್ತಿದೆ, ಮಾಹಿತಿ ಮಾತ್ರ ಬರುತ್ತಿಲ್ಲ: 34 ಲಿನಕ್ಸ್ ಸರ್ವರ್‌ಗಳು, ಮೂರು ಒಗಟುಗಳು

ಹೊಸಕಾವಲುಗಾರ · ಸೋಮವಾರ, ಬೆಳಿಗ್ಗೆ 10.12

ಎಲ್ಲರಿಗೂ ನಮಸ್ಕಾರ. ಉತ್ತರ ಕರ್ನಾಟಕದ ಒಂದು ಶಿಕ್ಷಣ ಸಂಸ್ಥೆಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಒಟ್ಟು 34 ಯಂತ್ರಗಳಿವೆ. ಅರ್ಧದಷ್ಟು ಉಬುಂಟು 22.04, ಉಳಿದವು ರಾಕಿ ಲಿನಕ್ಸ್ 9, ಜೊತೆಗೆ ಯಾರೂ ಮುಟ್ಟಲು ಧೈರ್ಯ ಮಾಡದ ಎರಡು ಸೆಂಟ್‌ಒಎಸ್ 7 ಯಂತ್ರಗಳು. ಸರ್ವರ್ ಬಿದ್ದಿದೆ ಎಂಬುದು ಇಷ್ಟು ದಿನ ನಮಗೆ ತಿಳಿಯುತ್ತಿದ್ದದ್ದು ವಿದ್ಯಾರ್ಥಿಗಳ ಫೋನ್ ಕರೆಯಿಂದ. ಈ ಅವಮಾನ ಸಾಕೆನಿಸಿ ಕಳೆದ ವಾರ ಯಂತ್ರಗಳ ಮೇಲೆ ನಿಗಾ ಇಡುವ ಜ್ಯಾಬಿಕ್ಸ್ ತಂತ್ರಾಂಶದ 7.0 ಸರ್ವರನ್ನು ಸ್ಥಾಪಿಸಿ, ಎಲ್ಲ ಯಂತ್ರಗಳಿಗೂ ಅದಕ್ಕೆ ಅಂಕಿಗಳನ್ನು ಒದಗಿಸುವ ಏಜೆಂಟ್ 2 ಹಾಕಲು ಹೊರಟೆ. ಬಹುಪಾಲು ಯಂತ್ರಗಳಲ್ಲಿ ಹತ್ತು ನಿಮಿಷದ ಕೆಲಸವಾಯಿತು. ಆದರೆ ಮೂರು ತೊಂದರೆಗಳು ನಾಲ್ಕು ದಿನಗಳಿಂದ ಬಗೆಹರಿಯುತ್ತಿಲ್ಲ.

ಮೊದಲನೆಯದು, ಎರಡು ಉಬುಂಟು ಯಂತ್ರಗಳಲ್ಲಿ ಸೇವೆಯ ಸ್ಥಿತಿ ಕೇಳಿದರೆ ಓಡುತ್ತಿದೆ ಎಂದು ಹಸಿರು ಬಣ್ಣದಲ್ಲಿ ಉತ್ತರ ಬರುತ್ತದೆ, ಆದರೆ ಜ್ಯಾಬಿಕ್ಸ್‌ನ ವೆಬ್ ಪರದೆಯಾದ ಫ್ರಂಟ್‌ಎಂಡ್‌ನಲ್ಲಿ ಒಂದೇ ಒಂದು ಅಂಕಿಯಿಲ್ಲ. ಲಾಗ್ ತೆರೆದರೆ 127.0.0.1ರ (ಅಂದರೆ ಆ ಯಂತ್ರದ್ದೇ ವಿಳಾಸದ) 10051ನೇ ಪೋರ್ಟಿಗೆ ಸಂಪರ್ಕ ನಿರಾಕರಿಸಲಾಗಿದೆ ಎಂಬ ಸಾಲು ಮತ್ತೆ ಮತ್ತೆ ಕಾಣುತ್ತದೆ. ಕಾನ್ಫಿಗ್ ಕಡತದಲ್ಲಿ ನಾನು ಬರೆದಿರುವುದು ಜ್ಯಾಬಿಕ್ಸ್ ಸರ್ವರಿನ 10.20.0.5 ಎಂಬ ವಿಳಾಸ. ಮೂರು ಬಾರಿ ನೋಡಿದ್ದೇನೆ.

ಎರಡನೆಯದು, ಒಂದು ರಾಕಿ ಯಂತ್ರಕ್ಕೆ ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಆಗುತ್ತದೆ, ಜ್ಯಾಬಿಕ್ಸ್ ಮಾತ್ರ ‘ನೋ ರೂಟ್ ಟು ಹೋಸ್ಟ್’ (ಆ ಯಂತ್ರಕ್ಕೆ ದಾರಿಯಿಲ್ಲ) ಎನ್ನುತ್ತದೆ. ನೆಟ್‌ವರ್ಕ್ ವಿಭಾಗದವರು ರೂಟ್ ಸರಿಯಾಗಿದೆ ಎಂದು ಬರೆದೇ ಕೊಟ್ಟಿದ್ದಾರೆ.

ಮೂರನೆಯದು ಎಲ್ಲಕ್ಕಿಂತ ವಿಚಿತ್ರ. ನಮ್ಮ ಇನ್ನೊಂದು ಆವರಣದಲ್ಲಿ, ನ್ಯಾಟ್ ಹಿಂದೆ (ಹೊರಗಿನಿಂದ ನೇರವಾಗಿ ತಲುಪಲಾಗದಂತೆ) ಇರುವ ಎರಡು ಯಂತ್ರಗಳನ್ನು ಆ್ಯಕ್ಟಿವ್ ವಿಧಾನದಲ್ಲಿ ಜೋಡಿಸಿದ್ದೇನೆ. ಒಂದರ ಡಿಸ್ಕ್ ಬಳಕೆ ಒಂದು ಗಳಿಗೆ ಶೇ. 22, ಮರುಗಳಿಗೆ ಶೇ. 81, ಮತ್ತೆ ಶೇ. 22 ಎಂದು ಗರಗಸದ ಹಲ್ಲಿನಂತೆ ಕುಣಿಯುತ್ತಿದೆ. ಇನ್ನೊಂದು ಯಂತ್ರ ಸಂಪೂರ್ಣ ಮೌನವಾಗಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ರಾತ್ರಿಪಾಳಿ · 10.31

ಮೂರನೆಯದರಲ್ಲಿ ವಿಚಿತ್ರವೇನೂ ಇಲ್ಲ. ಆ ಎರಡು ಯಂತ್ರಗಳು ಒಂದೇ ವಿಎಂನಿಂದ (ವರ್ಚುವಲ್ ಯಂತ್ರದಿಂದ) ಕ್ಲೋನ್ ಮಾಡಿದವುಗಳೇ?

ಹೊಸಕಾವಲುಗಾರ · 10.34

ಹೌದು. ನಿಮಗೆ ಹೇಗೆ ತಿಳಿಯಿತು?

ರಾತ್ರಿಪಾಳಿ · 10.52

ನಾನೂ ಅದೇ ಗುಂಡಿಗೆ ಬಿದ್ದು ಎದ್ದವನು. ಆ್ಯಕ್ಟಿವ್ ವಿಧಾನದಲ್ಲಿ ಏಜೆಂಟೇ ಸರ್ವರಿನ 10051ನೇ ಪೋರ್ಟಿಗೆ ಹೋಗಿ, ‘ನಾನು ಇಂಥ ಹೆಸರಿನವನು, ನಾನು ಏನೇನು ಅಳೆಯಬೇಕು?’ ಎಂದು ಕೇಳುತ್ತದೆ. ಸರ್ವರ್ ಆ ಹೆಸರನ್ನು ನಂಬಿಯೇ ಪಟ್ಟಿ ಕೊಡುತ್ತದೆ, ಅದೇ ಹೆಸರಿನ ಖಾತೆಗೇ ಬಂದ ಅಂಕಿಗಳನ್ನು ಜಮೆ ಮಾಡುತ್ತದೆ. ನೀವು ಮೊದಲ ಯಂತ್ರದಲ್ಲಿ ಹೋಸ್ಟ್‌ನೇಮ್ ಎಂಬ ಸಾಲನ್ನು ತುಂಬಿ, ಆನಂತರ ಕ್ಲೋನ್ ಮಾಡಿದ್ದೀರಿ. ಈಗ ಎರಡೂ ಯಂತ್ರಗಳು ಒಂದೇ ಹೆಸರು ಹೇಳಿಕೊಂಡು ಒಂದೇ ಖಾತೆಗೆ ಬರೆಯುತ್ತಿವೆ. ಶೇ. 22 ಒಂದರದ್ದು, ಶೇ. 81 ಇನ್ನೊಂದರದ್ದು. ಮೌನವಾಗಿದೆ ಎಂದು ನೀವು ತಿಳಿದಿರುವ ಯಂತ್ರ ವಾಸ್ತವವಾಗಿ ಬೇರೆಯವರ ಹೆಸರಿನಲ್ಲಿ ಮಾತನಾಡುತ್ತಿದೆ.

ಎರಡನೆಯ ಯಂತ್ರದಲ್ಲಿ ಆ ಸಾಲನ್ನು ಬದಲಿಸಿ ಏಜೆಂಟನ್ನು ಮರುಚಾಲನೆ ಮಾಡಿ. ಹೆಸರು ಫ್ರಂಟ್‌ಎಂಡ್‌ನಲ್ಲಿರುವುದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಕೆಲಸ ಮುಗಿದ ಮೇಲೆ ಇಟಿಸಿ ಅಡಿಯಲ್ಲಿ ಯಂತ್ರದ ಗುರುತನ್ನು ಇಟ್ಟಿರುವ ಮಷೀನ್‌ಐಡಿ ಕಡತವೂ ಎರಡರಲ್ಲೂ ಒಂದೇ ಇದೆಯೇ ಎಂದು ನೋಡಿಬಿಡಿ. ಕ್ಲೋನ್ ಮಾಡುವವರು ಅದನ್ನೂ ಹಾಗೇ ಬಿಟ್ಟಿರುತ್ತಾರೆ.

ಪ್ಯಾಕೆಟ್‌ಪರೀಕ್ಷಕ · 11.05

ಎರಡನೆಯ ತೊಂದರೆಗೆ ನಿಮ್ಮ ನೆಟ್‌ವರ್ಕ್ ವಿಭಾಗದವರನ್ನು ಕಾಡಬೇಡಿ, ಅವರು ಹೇಳಿದ್ದು ನಿಜ. ರಾಕಿಯಲ್ಲಿರುವ ಫೈರ್‌ವಾಲ್ ಸೇವೆ ಫೈರ್‌ವಾಲ್‌ಡಿ, ತಡೆದ ಪ್ಯಾಕೆಟನ್ನು ಸುಮ್ಮನೆ ಬಿಸಾಡುವುದಿಲ್ಲ. ‘ಆಡಳಿತಾತ್ಮಕವಾಗಿ ನಿಷಿದ್ಧ’ ಎಂಬ ಐಸಿಎಂಪಿ (ನೆಟ್‌ವರ್ಕ್ ದೋಷ ತಿಳಿಸುವ ಸಂದೇಶ) ಉತ್ತರವನ್ನು ಹಿಂದಿರುಗಿಸುತ್ತದೆ. ಆ ಉತ್ತರವನ್ನು ಪಡೆದ ಲಿನಕ್ಸ್ ಅದನ್ನು 113ನೇ ದೋಷವಾಗಿ, ಅಂದರೆ ‘ನೋ ರೂಟ್ ಟು ಹೋಸ್ಟ್’ ಎಂದು ಅನುವಾದಿಸುತ್ತದೆ. ಎಷ್ಟೋ ಜನ ಈ ಒಂದು ಸಾಲನ್ನು ಓದಿ ರೂಟಿಂಗ್ ಟೇಬಲ್ ಹಿಡಿದುಕೊಂಡು ಇಡೀ ದಿನ ಕಳೆದಿದ್ದಾರೆ. ಪಿಂಗ್ ಮತ್ತು ಎಸ್‌ಎಸ್‌ಎಚ್ ಹೋಗುವುದಕ್ಕೆ ಕಾರಣ ಅವೆರಡಕ್ಕೂ ಮೊದಲೇ ಅನುಮತಿ ಇರುವುದು. ಫೈರ್‌ವಾಲ್‌ಡಿಯಲ್ಲಿ ಏಜೆಂಟಿನ ಪೋರ್ಟಾದ ಟಿಸಿಪಿ 10050ನ್ನು ತೆರೆಯಿರಿ, ಆದರೆ ಇಡೀ ಜಗತ್ತಿಗಲ್ಲ, 10.20.0.5 ಒಂದಕ್ಕೆ ಮಾತ್ರ ರಿಚ್ ರೂಲ್ ಬರೆಯಿರಿ. ಪರ್ಮನೆಂಟ್ ಆಯ್ಕೆ ಹಾಕಿದ ಮೇಲೆ ರಿಲೋಡ್ ಮಾಡುವುದನ್ನು ಮರೆತರೆ ನಿಯಮ ಕಡತದಲ್ಲಿರುತ್ತದೆ, ಜಾರಿಯಲ್ಲಿರುವುದಿಲ್ಲ.

ಬಾಗಿಲು ತೆರೆದ ಮೇಲೂ ಏಜೆಂಟಿನ ಕಾನ್ಫಿಗ್‌ನಲ್ಲಿರುವ ‘ಸರ್ವರ್’ ಎಂಬ ಸಾಲಿನಲ್ಲಿ ಅದೇ ವಿಳಾಸ ಇಲ್ಲದಿದ್ದರೆ ಏಜೆಂಟ್ ಸಂಪರ್ಕವನ್ನು ತಿರಸ್ಕರಿಸಿ, ಯಾರಿಗೆಲ್ಲ ಅವಕಾಶವಿದೆ ಎಂಬ ಪಟ್ಟಿಯೊಂದಿಗೆ ಲಾಗಿನಲ್ಲಿ ಬರೆದಿಡುತ್ತದೆ. ಸರ್ವರ್ ಯಂತ್ರದಿಂದ ಜ್ಯಾಬಿಕ್ಸ್‌ಗೆಟ್ ಉಪಕರಣದಲ್ಲಿ ‘ಏಜೆಂಟ್ ಪಿಂಗ್’ ಕೇಳಿ. 1 ಎಂಬ ಉತ್ತರ ಬಂದರೆ ದಾರಿ ಪೂರ್ತಿ ತೆರೆದಿದೆ.

ಗ್ರಾಫ್‌ಪ್ರಿಯ · 11.20

ಕ್ಷಮಿಸಿ, ಈ ಎಲ್ಲ ಹೆಸರು ಹೊಂದಿಸುವ ರಗಳೆಯೇ ಪ್ರೊಮಿಥಿಯಸ್ ಎಂಬ ಇನ್ನೊಂದು ನಿಗಾ ತಂತ್ರಾಂಶದಲ್ಲಿ ಇಲ್ಲ. ನೋಡ್ ಎಕ್ಸ್‌ಪೋರ್ಟರ್ ಎಂಬ ಒಂದೇ ಬೈನರಿಯನ್ನು ಇಟ್ಟು, ಶೆಲ್ ಇಲ್ಲದ ಒಬ್ಬ ಬಳಕೆದಾರನನ್ನು ಸೃಷ್ಟಿಸಿ, ಅದನ್ನು ಸೇವೆಯಾಗಿ ಓಡಿಸುವ ಹತ್ತು ಸಾಲಿನ ಸಿಸ್ಟಮ್‌ಡಿ ಯೂನಿಟ್ ಬರೆದರೆ 9100ನೇ ಪೋರ್ಟಿನಲ್ಲಿ ಸರಳ ಪಠ್ಯವಾಗಿ ಎಲ್ಲ ಅಂಕಿಗಳೂ ಸಿಗುತ್ತವೆ. ಸರ್ವರೇ ಬಂದು ಎತ್ತಿಕೊಂಡು ಹೋಗುತ್ತದೆ. 2012ರಲ್ಲಿ ಸೌಂಡ್‌ಕ್ಲೌಡ್‌ನಲ್ಲಿ ಆರಂಭವಾದ ಯೋಜನೆ, 2016ರಲ್ಲಿ ಕುಬರ್ನೆಟಿಸ್ ನಂತರದ ಎರಡನೆಯ ಯೋಜನೆಯಾಗಿ ಕ್ಲೌಡ್ ತಂತ್ರಾಂಶಗಳ ಪ್ರತಿಷ್ಠಾನವಾದ ಸಿಎನ್‌ಸಿಎಫ್ ಸೇರಿತು. ಈ ಕಾಲದಲ್ಲಿ ಹೊಸದಾಗಿ ಜ್ಯಾಬಿಕ್ಸ್ ಏಕೆ ಹಾಕುತ್ತಾರೋ ನನಗೆ ಅರ್ಥವಾಗುತ್ತಿಲ್ಲ.

ಹಳೇಬೇರು · 11.41

ಗ್ರಾಫ್‌ಪ್ರಿಯ ಅವರೇ, ಅವರು ಮೂರು ತೊಂದರೆ ಹೇಳಿಕೊಂಡು ಬಂದಿದ್ದಾರೆ, ನೀವು ಮನೆಯನ್ನೇ ಬದಲಿಸಿ ಎನ್ನುತ್ತಿದ್ದೀರಿ. ಅದಿರಲಿ, ಎರಡನೆಯ ತೊಂದರೆ ನೋಡ್ ಎಕ್ಸ್‌ಪೋರ್ಟರ್ ಹಾಕಿದರೂ ಹಾಗೆಯೇ ಬರುತ್ತಿತ್ತು, ಪೋರ್ಟಿನ ಸಂಖ್ಯೆ ಮಾತ್ರ ಬೇರೆ. ನ್ಯಾಟ್ ಹಿಂದಿರುವ ಆ ಎರಡು ಯಂತ್ರಗಳ ಬಳಿಗೆ ನಿಮ್ಮ ಸರ್ವರ್ ಹೋಗಿ ಎತ್ತಿಕೊಳ್ಳುವುದಾದರೂ ಹೇಗೆ? ಅಲ್ಲೊಂದು ವಿಪಿಎನ್ ಬೇಕು, ಇಲ್ಲವೇ ಆ ಆವರಣದಲ್ಲೇ ಇನ್ನೊಂದು ಪ್ರೊಮಿಥಿಯಸ್ ಬೇಕು.

ನಿಮ್ಮ ಹತ್ತು ಸಾಲಿನ ಯೂನಿಟ್ ಬಗ್ಗೆಯೂ ಒಂದು ಮಾತು. ಭದ್ರತೆಗೆಂದು ಅದರಲ್ಲಿ ಪ್ರೊಟೆಕ್ಟ್‌ಹೋಮ್ ಎಂಬ ಸಾಲನ್ನು ಎಲ್ಲಿಂದಲೋ ನಕಲು ಮಾಡಿ ಹಾಕುತ್ತಾರೆ. ಹೋಮ್ ಬೇರೆ ಪಾರ್ಟಿಷನ್ ಆಗಿದ್ದರೆ ಎಕ್ಸ್‌ಪೋರ್ಟರಿಗೆ ಅದರ ಸರಿಯಾದ ಲೆಕ್ಕ ಸಿಗುವುದೇ ಇಲ್ಲ. ಏಜೆಂಟಿಗೂ ಕಣ್ಣು ಕಟ್ಟಬಹುದು ಎಂಬುದನ್ನು ಆ ಪಾರ್ಟಿಷನ್ ತುಂಬಿದ ದಿನ ಕಲಿಯುತ್ತಾರೆ.

ಗ್ರಾಫ್‌ಪ್ರಿಯ · 11.48

ಪ್ರೊಟೆಕ್ಟ್‌ಹೋಮ್ ವಿಷಯ ಒಪ್ಪಿದೆ. ನ್ಯಾಟ್ ವಿಷಯವನ್ನೂ ಅರ್ಧ ಒಪ್ಪಿದೆ.

ಟರ್ಮಿನಲ್‌ತಮ್ಮ · 12.15

ಮೊದಲನೆಯ ತೊಂದರೆಯನ್ನು ಎಲ್ಲರೂ ಬಿಟ್ಟಿದ್ದೀರಿ. ಹೊಸಕಾವಲುಗಾರ ಸರ್, ನೀವು ತಿದ್ದಿದ ಕಡತದ ಹೆಸರಿನ ಕೊನೆಯಲ್ಲಿ ‘ಏಜೆಂಟ್‌ಡಿ’ ಎಂದಿದೆಯೋ ‘ಏಜೆಂಟ್2’ ಎಂದಿದೆಯೋ ನೋಡುವಿರಾ? ಹಳೆಯ ಏಜೆಂಟ್ ಸಿ ಭಾಷೆಯದ್ದು, ಏಜೆಂಟ್ 2 ಗೋ ಭಾಷೆಯದ್ದು. ಎರಡಕ್ಕೂ ಬೇರೆ ಬೇರೆ ಸೇವೆ, ಬೇರೆ ಬೇರೆ ಕಾನ್ಫಿಗ್ ಕಡತ, ಆದರೆ ಎರಡೂ ಕಡತಗಳು ಕೂತಿರುವುದು ಒಂದೇ ಡೈರೆಕ್ಟರಿಯಲ್ಲಿ. ಪ್ಯಾಕೇಜಿನ ಜೊತೆ ಬರುವ ಕಡತದಲ್ಲಿ ಸರ್ವರ್ ವಿಳಾಸ 127.0.0.1 ಎಂದೇ ಇರುತ್ತದೆ. ನಿಮ್ಮ ಲಾಗ್ ಹೇಳುತ್ತಿರುವುದೂ ಅದನ್ನೇ, ಅಂದರೆ ಓಡುತ್ತಿರುವ ಏಜೆಂಟ್ ನೀವು ಮುಟ್ಟದ ಕಡತವನ್ನು ಓದುತ್ತಿದೆ.

ಹೊಸಕಾವಲುಗಾರ · 12.40

ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತೇನೆ. ಆ ಎರಡು ಯಂತ್ರಗಳಲ್ಲಿ ನನಗಿಂತ ಮುಂಚೆ ಇದ್ದವರು ಹಳೆಯ ಏಜೆಂಟನ್ನು ಹಾಕಿ, ಸೇವೆಯನ್ನು ನಿಲ್ಲಿಸಿ, ಪ್ಯಾಕೇಜನ್ನು ತೆಗೆಯದೆ ಬಿಟ್ಟಿದ್ದರು. ನಾನು ಟ್ಯಾಬ್ ಒತ್ತಿ ಮೊದಲು ಬಂದ ಕಡತವನ್ನು ತೆರೆದು ತಿದ್ದಿದ್ದೇನೆ. ಮೂರು ಬಾರಿ ನೋಡಿದೆ ಎಂದೆನಲ್ಲ, ಮೂರು ಬಾರಿಯೂ ಅದೇ ತಪ್ಪು ಕಡತವನ್ನು ನೋಡಿದೆ.

ಹಳೇಬೇರು · 12.47

ಎಲ್ಲರಿಗೂ ಆಗುತ್ತದೆ. ಹಳೆಯ ಪ್ಯಾಕೇಜನ್ನು ಪೂರ್ತಿ ತೆಗೆದುಬಿಡಿ. ಮುಂದೆ ಯಾರಾದರೂ ಅದನ್ನು ಎನೇಬಲ್ ಮಾಡಿದರೆ ಎರಡೂ 10050ಕ್ಕೆ ಜಗಳವಾಡಿ, ಯಂತ್ರ ಮರುಚಾಲನೆಯಾದಾಗ ಮೊದಲು ಎದ್ದವನು ಗೆಲ್ಲುತ್ತಾನೆ. ಇನ್ನೊಂದು ಎಚ್ಚರಿಕೆ ರಾಕಿ ಯಂತ್ರಗಳಿಗೆ: ಹೆಚ್ಚುವರಿ ಪ್ಯಾಕೇಜುಗಳ ಭಂಡಾರವಾದ ಎಪೆಲ್ ರೆಪೊಸಿಟರಿಯಲ್ಲೂ ಜ್ಯಾಬಿಕ್ಸ್ ಪ್ಯಾಕೇಜುಗಳಿವೆ. ಎಪೆಲ್‌ನ ರೆಪೊ ಕಡತದಲ್ಲಿ ಜ್ಯಾಬಿಕ್ಸ್ ಎಂದು ಆರಂಭವಾಗುವ ಪ್ಯಾಕೇಜುಗಳನ್ನು ಹೊರಗಿಡುವ ಸಾಲು ಸೇರಿಸಿ, ಇಲ್ಲದಿದ್ದರೆ ಒಂದು ದಿನ ಅಪ್‌ಡೇಟ್ ಮಾಡುವಾಗ ಯಾವ ಮನೆಯ ಪ್ಯಾಕೇಜ್ ಬಂದು ಕೂರುತ್ತದೋ ಹೇಳಲಾಗದು.

ಪ್ರಶ್ನಾರ್ಥಕ · ಮಧ್ಯಾಹ್ನ 1.10

ಸೆಂಟ್‌ಒಎಸ್ 7ಕ್ಕೆ ಏನು ಮಾಡುತ್ತೀರಿ? ಅದರ ಆಯುಷ್ಯ 2024ರ ಜೂನ್ 30ಕ್ಕೇ ಮುಗಿದಿದೆ.

ರಾತ್ರಿಪಾಳಿ · 1.22

ಹಳೆಯ ಏಜೆಂಟ್ ಹೊಸ ಸರ್ವರಿನೊಂದಿಗೆ ಮಾತನಾಡುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಹೊಸ ಏಜೆಂಟನ್ನು ಹಳೆಯ ಸರ್ವರಿಗೆ ಜೋಡಿಸುವುದಕ್ಕೆ ಮಾತ್ರ ಬೆಂಬಲವಿಲ್ಲ. ಆದ್ದರಿಂದ ಆ ಎರಡರಲ್ಲಿ ಇರುವ ಏಜೆಂಟನ್ನೇ ಉಳಿಸಿಕೊಂಡು, ಯಂತ್ರಗಳನ್ನು ಬದಲಿಸಲು ಮೇಲಿನವರಿಗೆ ಪತ್ರ ಬರೆಯುವುದು ಸರಿ.

ಬೇಲಿಕಾವಲು · 2.05

ಇಲ್ಲಿಯವರೆಗೆ ಯಾರೂ ಎನ್‌ಕ್ರಿಪ್ಷನ್ ಬಗ್ಗೆ ಮಾತೆತ್ತಿಲ್ಲ. ಎರಡು ಆವರಣಗಳ ನಡುವೆ ಆ ಅಂಕಿಗಳು ಬೆತ್ತಲಾಗಿ ಹೋಗುತ್ತಿವೆ. ಓಪನ್‌ಎಸ್‌ಎಸ್‌ಎಲ್‌ನಿಂದ 32 ಬೈಟಿನ ಯಾದೃಚ್ಛಿಕ ಕೀಲಿಯನ್ನು ಹೆಕ್ಸ್ ರೂಪದಲ್ಲಿ ಪಡೆದು ಕಡತದಲ್ಲಿಟ್ಟು, ಅದನ್ನು ಜ್ಯಾಬಿಕ್ಸ್ ಬಳಕೆದಾರನ ಹೊರತು ಬೇರೆ ಯಾರೂ ಓದದಂತೆ ಮಾಡಿ ಪಿಎಸ್‌ಕೆ (ಎರಡೂ ಕಡೆ ಒಂದೇ ಗುಟ್ಟಿನ ಕೀಲಿ) ವಿಧಾನ ಬಳಸಿ. ಇಲ್ಲಿ ಎಡವುವ ಜಾಗಗಳು ಎರಡಿವೆ. ಟಿಎಲ್‌ಎಸ್‌ಕನೆಕ್ಟ್ ಎಂಬುದು ಏಜೆಂಟ್ ತಾನೇ ಹೊರಗೆ ಹೋಗುವ ಆ್ಯಕ್ಟಿವ್ ಸಂಪರ್ಕಕ್ಕೆ, ಟಿಎಲ್‌ಎಸ್‌ಆ್ಯಕ್ಸೆಪ್ಟ್ ಎಂಬುದು ಒಳಬರುವ ಪ್ಯಾಸಿವ್ ಸಂಪರ್ಕಕ್ಕೆ. ಒಂದನ್ನು ಮಾತ್ರ ಹಾಕಿ, ಅರ್ಧ ಮಾಹಿತಿ ಬರುತ್ತಿಲ್ಲವೆಂದು ಒದ್ದಾಡುವವರನ್ನು ಕಂಡಿದ್ದೇನೆ. ಎರಡನೆಯದು, ಪಿಎಸ್‌ಕೆಯ ಗುರುತಿನ ಹೆಸರು ತೆರೆದ ಪಠ್ಯವಾಗಿಯೇ ಹೋಗುತ್ತದೆ, ಅದರಲ್ಲಿ ಗುಟ್ಟಿನದೇನನ್ನೂ ಬರೆಯಬೇಡಿ.

ಇನ್ನು ಏಜೆಂಟಿಗೆ ಲಾಗ್ ಓದಲು ಅನುಮತಿ ಸಿಗುತ್ತಿಲ್ಲವೆಂದು ಅದನ್ನು ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ ಓಡಿಸುವವರಿದ್ದಾರೆ. ಅದರ ಮೇಲೆ ದೂರದಿಂದ ಕಮಾಂಡ್ ಓಡಿಸುವ ಸಿಸ್ಟಮ್‌ರನ್ ಕೀಲಿಯನ್ನೂ ತೆರೆದರೆ, ಜ್ಯಾಬಿಕ್ಸ್ ಫ್ರಂಟ್‌ಎಂಡ್‌ನ ಒಂದು ಪಾಸ್‌ವರ್ಡ್ ಸೋರಿದ ದಿನ 34 ಯಂತ್ರಗಳ ರೂಟ್ ಸೋರಿದಂತೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಆ ಕೀಲಿಯನ್ನು ಪೂರ್ವನಿಯೋಜಿತವಾಗಿಯೇ ಮುಚ್ಚಿಟ್ಟಿರುತ್ತಾರೆ, ಮುಚ್ಚಿಯೇ ಇರಲಿ. ಉಬುಂಟುವಿನಲ್ಲಿ ಜ್ಯಾಬಿಕ್ಸ್ ಬಳಕೆದಾರನನ್ನು ‘ಎಡಿಎಂ’ ಗುಂಪಿಗೆ ಸೇರಿಸಿ ಏಜೆಂಟನ್ನು ಮರುಚಾಲನೆ ಮಾಡಿದರೆ ಹೆಚ್ಚಿನ ಲಾಗುಗಳನ್ನು ಓದಲು ಅಷ್ಟು ಸಾಕು.

ಗ್ರಾಫ್‌ಪ್ರಿಯ · 2.20

ಈ ಮಾತನ್ನು ನಮ್ಮ ಕಡೆಯವರಿಗೂ ಹೇಳಬೇಕು. ನೋಡ್ ಎಕ್ಸ್‌ಪೋರ್ಟರನ್ನು ಸಾರ್ವಜನಿಕ ಐಪಿಯ ಮೇಲೆ ತೆರೆದಿಡುವವರು ಬಹಳ. ಕರ್ನಲ್ ಆವೃತ್ತಿ, ಮೌಂಟ್ ಆದ ಡಿಸ್ಕುಗಳು, ನೆಟ್‌ವರ್ಕ್ ಇಂಟರ್‌ಫೇಸುಗಳ ಹೆಸರು, ಎಲ್ಲವೂ ಬ್ರೌಸರಿನಲ್ಲಿ ಕಾಣುತ್ತವೆ. ಆಂತರಿಕ ವಿಳಾಸಕ್ಕೆ ಮಾತ್ರ ಕಟ್ಟಿಹಾಕಿ, ಇಲ್ಲವೇ ವೆಬ್ ಕಾನ್ಫಿಗ್ ಕಡತದಲ್ಲಿ ಟಿಎಲ್‌ಎಸ್ ಮತ್ತು ಪಾಸ್‌ವರ್ಡ್ ಹಾಕಿ.

ಸರಳರೇಖೆ · 2.38

ನಮ್ಮಲ್ಲಿ ಇದೆಲ್ಲ ಒಂದೇ ಸಾಲಿನಲ್ಲಿ ಆಯಿತು. ಅಂತರ್ಜಾಲದಿಂದ ಕರ್ಲ್ ಮೂಲಕ ಸ್ಕ್ರಿಪ್ಟ್ ತಂದು ನೇರವಾಗಿ ಸೂಡೊ ಬ್ಯಾಶ್‌ಗೆ ಪೈಪ್ ಮಾಡಿ, ರೂಟ್ ಅಧಿಕಾರದಲ್ಲೇ ಓಡಿಸಿದೆವು. ಏಕಿಷ್ಟು ಚರ್ಚೆ?

ಬೇಲಿಕಾವಲು · 2.41

ಆ ಸ್ಕ್ರಿಪ್ಟಿನಲ್ಲಿ ಏನಿತ್ತು ಎಂದು ಈಗ ಹೇಳಬಲ್ಲಿರಾ?

ಸರಳರೇಖೆ · 2.59

ಇಲ್ಲ.

ಹಳೇಬೇರು · 3.30

ಹೊಸಕಾವಲುಗಾರ ಅವರೇ, ಮೂರು ತೊಂದರೆಗಳೂ ಬಗೆಹರಿದವು ಎಂದುಕೊಳ್ಳೋಣ. ಈಗ ನಿಮ್ಮ ಪರದೆಯ ಮೇಲೆ 34 ಹಸಿರು ಚೌಕಗಳಿವೆ. ನನಗೆ ಭಯ ಹುಟ್ಟಿಸುವುದು ಈ ಹಂತವೇ, ಏಕೆಂದರೆ ಏಜೆಂಟ್ ತನಗೆ ಹೇಳಿದ್ದನ್ನಷ್ಟೇ ಅಳೆಯುತ್ತದೆ, ನಾವು ಮಾತ್ರ ಅದು ಎಲ್ಲವನ್ನೂ ಅಳೆಯುತ್ತಿದೆ ಎಂದು ನೆಮ್ಮದಿಯಾಗಿರುತ್ತೇವೆ.

ನಾನು ಹಿಂದೆ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದಾಗ ಪ್ರತಿ ರಾತ್ರಿ ಎರಡು ಗಂಟೆಗೆ ಮೈಎಸ್‌ಕ್ಯುಎಲ್ ಡೇಟಾಬೇಸ್ ಡಂಪ್ ಆಗಿ, ಗಾತ್ರ ಕುಗ್ಗಿಸುವ ಜಿಜಿಪ್ ಮೂಲಕ ಹಾದು, ದಿನಾಂಕದ ಹೆಸರಿನ ಕಡತವಾಗಿ ಕೂರುತ್ತಿತ್ತು. ನಿಗದಿತ ಹೊತ್ತಿಗೆ ಓಡುವ ಈ ಕ್ರಾನ್ ಕೆಲಸ ಯಶಸ್ವಿಯಾಗಿದೆಯೇ ಎಂದು ಏಜೆಂಟ್ ನೋಡುತ್ತಿತ್ತು, ಪ್ರತಿದಿನ ಹಸಿರು. ಐದು ತಿಂಗಳ ಮೇಲೆ ಒಂದು ಟೇಬಲ್ ಕಳೆದುಹೋಗಿ ಬ್ಯಾಕಪ್ ತೆರೆಯಲು ಹೋದರೆ ಪ್ರತಿ ಕಡತದ ಗಾತ್ರ 20 ಬೈಟ್. ಖಾಲಿ ಹರಿವನ್ನು ಜಿಜಿಪ್ ಮಾಡಿದರೆ ಸರಿಯಾಗಿ 20 ಬೈಟಿನ ಕಡತವಾಗುತ್ತದೆ. ಯಾರೋ ಡೇಟಾಬೇಸ್ ಪಾಸ್‌ವರ್ಡ್ ಬದಲಿಸಿದ್ದರು, ಡಂಪ್ ಮೊದಲ ಕ್ಷಣದಲ್ಲೇ ಸೋಲುತ್ತಿತ್ತು, ಆದರೆ ಪೈಪಿನಲ್ಲಿ ಶೆಲ್ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕೊನೆಯ ಕಮಾಂಡಿನ ಫಲಿತಾಂಶವನ್ನು. ಜಿಜಿಪ್ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿ ಸೊನ್ನೆ ಹಿಂದಿರುಗಿಸುತ್ತಿತ್ತು. ಸ್ಕ್ರಿಪ್ಟಿನ ಮೇಲ್ಗಡೆ ಪೈಪ್‌ಫೇಲ್ ಎಂಬ ಆಯ್ಕೆಯೊಂದು ಇದ್ದಿದ್ದರೆ ಅಂದೇ ತಿಳಿಯುತ್ತಿತ್ತು.

ಅಂದಿನಿಂದ ನಾನು ಏಜೆಂಟಿಗೆ ಬ್ಯಾಕಪ್ ಕಡತದ ಗಾತ್ರವನ್ನೂ ಅದು ಕೊನೆಯ ಬಾರಿ ಬದಲಾದ ಸಮಯವನ್ನೂ ಕೇಳುತ್ತೇನೆ. ನಿನ್ನೆಯ ಗಾತ್ರಕ್ಕಿಂತ ಅರ್ಧಕ್ಕೆ ಇಳಿದರೆ, ಅಥವಾ ಕಡತ 26 ಗಂಟೆಗಿಂತ ಹಳೆಯದಾದರೆ ಎಚ್ಚರಿಕೆ ಬರಬೇಕು. ಈ ಎರಡು ಐಟಮ್‌ಗಳು ಸಾಮಾನ್ಯವಾಗಿ ಸಿದ್ಧ ಟೆಂಪ್ಲೇಟುಗಳಲ್ಲಿ ಸಿಗುವುದಿಲ್ಲ, ಕೈಯಾರೆ ಬರೆಯಬೇಕು.

ಟರ್ಮಿನಲ್‌ತಮ್ಮ · 3.52

ನನ್ನದೂ ಒಂದು ಸೇರಿಸುತ್ತೇನೆ. ಡಿಸ್ಕಿನಲ್ಲಿ ಶೇ. 40 ಖಾಲಿ ಜಾಗವಿತ್ತು, ಆದರೂ ಹೊಸ ಕಡತ ಸೃಷ್ಟಿಸಲು ಹೋದರೆ ಜಾಗವಿಲ್ಲ ಎಂದು ಬರುತ್ತಿತ್ತು. ಪಿಎಚ್‌ಪಿ ಸೆಷನ್‌ಗಳ ಪುಟಾಣಿ ಕಡತಗಳು ಲಕ್ಷಗಟ್ಟಲೆ ಸೇರಿ ಐನೋಡ್‌ಗಳನ್ನು (ಪ್ರತಿ ಕಡತಕ್ಕೂ ಒಂದರಂತೆ ಬೇಕಾಗುವ ನಮೂದುಗಳನ್ನು) ಮುಗಿಸಿದ್ದವು. ಡಿಎಫ್ ಕಮಾಂಡಿಗೆ ಐ ಆಯ್ಕೆ ಕೊಟ್ಟ ಮೇಲೆಯೇ ಶೇ. 100 ಎಂಬುದು ಕಂಡದ್ದು. ನಿಮ್ಮದು ಶಿಕ್ಷಣ ಸಂಸ್ಥೆ, ಫಲಿತಾಂಶದ ಪೋರ್ಟಲ್ ಇದ್ದರೆ ಇದನ್ನು ತಪ್ಪದೆ ನೋಡಿ.

ಪ್ರಶ್ನಾರ್ಥಕ · 4.08

ಲೋಡ್ ಆ್ಯವರೇಜ್ 10 ದಾಟಿದರೆ ಎಚ್ಚರಿಕೆ ಎಂದು ನಾವು ಇಟ್ಟುಕೊಂಡಿದ್ದೇವೆ. ಅದು ಸರಿಯೇ?

ಹಳೇಬೇರು · 4.25

16 ಕೋರ್ ಇರುವ ಯಂತ್ರದಲ್ಲಿ 10 ಎಂದರೆ ಆರಾಮ, 2 ಕೋರ್ ಇರುವಲ್ಲಿ 10 ಎಂದರೆ ಉಸಿರುಗಟ್ಟಿದೆ ಎಂದರ್ಥ. ಕೋರ್‌ಗಳ ಸಂಖ್ಯೆಯಿಂದ ಭಾಗಿಸಿ ನೋಡಬೇಕು. ಅದೂ ಸಾಲದು, ಏಕೆಂದರೆ ಲಿನಕ್ಸಿನ ಲೋಡ್ ಲೆಕ್ಕದಲ್ಲಿ ಸಿಪಿಯುಗಾಗಿ ಕಾಯುವವರ ಜೊತೆಗೆ ಡಿಸ್ಕಿಗಾಗಿ ಎಬ್ಬಿಸಲಾಗದ ನಿದ್ರೆಯಲ್ಲಿರುವ ಪ್ರೊಸೆಸ್‌ಗಳೂ ಸೇರುತ್ತವೆ. ನೆಟ್‌ವರ್ಕ್ ಮೂಲಕ ಕಡತ ಹಂಚುವ ಎನ್‌ಎಫ್‌ಎಸ್ ಸರ್ವರ್ ಕೈಕೊಟ್ಟಾಗ ಸಿಪಿಯು ಖಾಲಿ ಕೂತಿದ್ದರೂ ಲೋಡ್ ನೂರು ದಾಟಿದ್ದನ್ನು ಕಂಡಿದ್ದೇನೆ. ಮೆಮೊರಿಯದೂ ಇದೇ ಕಥೆ. ‘ಫ್ರೀ’ ಎಂಬ ಅಂಕಣ ನೋಡಿ ಗಾಬರಿಯಾಗಬೇಡಿ. ಖಾಲಿ ಮೆಮೊರಿಯನ್ನು ಕರ್ನಲ್ ಕ್ಯಾಶ್‌ಗೆ ಬಳಸಿಕೊಳ್ಳುವುದು ಸಹಜ. ಕರ್ನಲ್ 3.14ರಿಂದ ಬಂದಿರುವ ‘ಅವೈಲಬಲ್’ ಎಂಬ ಅಂಕಿಯ ಮೇಲೆ ಎಚ್ಚರಿಕೆ ಇಡಿ.

ನಿಯಮಪಾಲಕ · 4.40

ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್‌ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ 180 ದಿನಗಳ ಲಾಗ್ ಇಡಬೇಕು. ಪ್ರೊಮಿಥಿಯಸ್ ತಾನಾಗಿ ಉಳಿಸಿಕೊಳ್ಳುವುದು 15 ದಿನಗಳ ಮಾಹಿತಿಯನ್ನು ಮಾತ್ರ. ಆದ್ದರಿಂದ ಅದು ನಮ್ಮ ಸಂಸ್ಥೆಗಳಿಗೆ ಸಲ್ಲದು.

ಗ್ರಾಫ್‌ಪ್ರಿಯ · 4.46

ಅಂಕಿಗಳು ಬೇರೆ, ಲಾಗುಗಳು ಬೇರೆ. ಆ ನಿರ್ದೇಶನ ಹೇಳುವುದು ಐಸಿಟಿ ವ್ಯವಸ್ಥೆಗಳ ಲಾಗುಗಳನ್ನು ಇಡಬೇಕು ಎಂದು. ನಿಮಿಷಕ್ಕೊಮ್ಮೆ ಅಳೆದ ಸಿಪಿಯು ಬಳಕೆಯ ಗ್ರಾಫ್ ಅದರ ಬದಲಿಗೆ ನಿಲ್ಲುವುದಿಲ್ಲ, ಜ್ಯಾಬಿಕ್ಸ್‌ನಲ್ಲಿ ಅದನ್ನು ಹತ್ತು ವರ್ಷ ಇಟ್ಟರೂ ನಿಲ್ಲುವುದಿಲ್ಲ. ಲಾಗ್ ಸಂಗ್ರಹಕ್ಕೆ ಬೇರೆಯದೇ ವ್ಯವಸ್ಥೆ ಬೇಕು. ಬೇಕೆಂದರೆ 15 ದಿನಗಳನ್ನು ಒಂದು ಆಯ್ಕೆಯಿಂದ ಹೆಚ್ಚಿಸಿಕೊಳ್ಳಬಹುದು.

ನಿಯಮಪಾಲಕ · 5.02

ತಿದ್ದುಪಡಿಯನ್ನು ಒಪ್ಪುತ್ತೇನೆ. ಆದರೂ ಅದೇ ನಿರ್ದೇಶನದಲ್ಲಿ ಗಡಿಯಾರಗಳನ್ನು ಕೇಂದ್ರ ಸರ್ಕಾರದ ಸಂಸ್ಥೆಗಳಾದ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಎನ್‌ಟಿಪಿ (ಸಮಯ ತಿಳಿಸುವ) ಸರ್ವರ್‌ಗಳಿಗೆ, ಅಥವಾ ಅವುಗಳಿಗೆ ಹೊಂದಿಕೊಂಡಿರುವ ಸರ್ವರ್‌ಗಳಿಗೆ ಹೊಂದಿಸಬೇಕೆಂದಿದೆ. ಹತ್ತು ನಿಮಿಷ ಹಿಂದಿರುವ ಯಂತ್ರದ ಲಾಗನ್ನು ಗ್ರಾಫಿನ ಪಕ್ಕ ಇಟ್ಟು ನೋಡಿದರೆ ಕಾರಣಕ್ಕಿಂತ ಮೊದಲೇ ಪರಿಣಾಮ ಕಾಣುತ್ತದೆ. ಗಡಿಯಾರ ಹೊಂದಿಸುವ ಕ್ರೋನಿ ತೋರಿಸುವ ಸಮಯದ ವ್ಯತ್ಯಾಸವನ್ನೂ ಏಜೆಂಟ್ ಅಳೆಯಲಿ.

ಕರಾವಳಿಕರ್ನಲ್ · ರಾತ್ರಿ 9.15

ತಡವಾಗಿ ಬಂದಿದ್ದೇನೆ. ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಜ್ಯಾಬಿಕ್ಸ್ ಸರ್ವರ್ ಎಲ್ಲಿದೆ? ನಮ್ಮಲ್ಲಿ ಅದು ಉಳಿದೆಲ್ಲ ವಿಎಂಗಳೊಂದಿಗೆ ಒಂದೇ ಭೌತಿಕ ಯಂತ್ರದಲ್ಲಿತ್ತು. ಮಂಗಳೂರಿನ ಜುಲೈ ಮಳೆ, ರಾತ್ರಿ ಕರೆಂಟು ಹೋಯಿತು, ಯುಪಿಎಸ್ ಕೈಕೊಟ್ಟಿತು. ಎಲ್ಲ ಸರ್ವರ್‌ಗಳೂ ಒಟ್ಟಿಗೆ ಮಲಗಿದವು, ಎಚ್ಚರಿಕೆ ಕಳುಹಿಸಬೇಕಾದದ್ದೂ ಅವುಗಳ ಜೊತೆಯಲ್ಲೇ ಮಲಗಿತು. ಒಂದೇ ಒಂದು ಸಂದೇಶ ಬರಲಿಲ್ಲ, ನಾವೆಲ್ಲ ಬೆಳಿಗ್ಗೆಯವರೆಗೆ ಗಡದ್ದಾಗಿ ನಿದ್ದೆ ಮಾಡಿದೆವು. ದೀಪದ ಕೆಳಗಿನ ಕತ್ತಲೆಯನ್ನು ಅಂದು ಕಣ್ಣಾರೆ ಕಂಡೆ. ಈಗ ಬೇರೆ ಊರಿನಲ್ಲಿರುವ ಪುಟ್ಟ ವಿಪಿಎಸ್ (ಬಾಡಿಗೆ ಸರ್ವರ್) ಒಂದು ಐದು ನಿಮಿಷಕ್ಕೊಮ್ಮೆ ಜ್ಯಾಬಿಕ್ಸ್ ಸರ್ವರನ್ನೇ ಮಾತನಾಡಿಸಿ ನೋಡುತ್ತದೆ.

ಮತ್ತೊಂದು ಕೆಲಸವನ್ನು ನಾಳೆಯೇ ಮಾಡಿ. ಒಂದು ಯಂತ್ರದ ಏಜೆಂಟನ್ನು ಬೇಕೆಂದೇ ನಿಲ್ಲಿಸಿ, ಯಾರಿಗೂ ಹೇಳಬೇಡಿ. ಪ್ಯಾಸಿವ್ ಟೆಂಪ್ಲೇಟಿನಲ್ಲಿ ಏಜೆಂಟ್ ಸಿಗುತ್ತಿಲ್ಲ ಎಂಬ ಟ್ರಿಗರ್ (ಎಚ್ಚರಿಕೆಯ ನಿಯಮ) ಮೂರು ನಿಮಿಷದ ಮೇಲೆ ಹೊತ್ತಿಕೊಳ್ಳುತ್ತದೆ. ಆ ಸಂದೇಶ ಯಾರ ಫೋನಿಗೆ ಹೋಗುತ್ತದೆ ಎಂದು ನೋಡಿ.

ರಾತ್ರಿಪಾಳಿ · 9.40

ಮತ್ತು ಒಟ್ಟು ಎಷ್ಟು ಸಂದೇಶಗಳು ಹೋಗುತ್ತವೆ ಎಂದೂ ನೋಡಿ. ಒಂದು ಸ್ವಿಚ್ ಬಿದ್ದರೆ ಅದರ ಹಿಂದಿರುವ ಇಪ್ಪತ್ತು ಯಂತ್ರಗಳೂ ಕೂಗಿಕೊಳ್ಳುವಂತಿದ್ದರೆ ಟ್ರಿಗರ್‌ಗಳ ನಡುವೆ ಅವಲಂಬನೆ ಹೇಳಿಕೊಡಬೇಕು. ಹಿಂದಿನ ಕೆಲಸದಲ್ಲಿ ರಾತ್ರಿಗೆ ನಾಲ್ಕುನೂರು ಸಂದೇಶ ಬರುತ್ತಿದ್ದುದರಿಂದ ನಾನು ಫೋನನ್ನೇ ಮ್ಯೂಟ್ ಮಾಡಿ ದಿಂಬಿನ ಕೆಳಗಿಡುತ್ತಿದ್ದೆ.

ಹೊಸಕಾವಲುಗಾರ · ಮಂಗಳವಾರ, ಸಂಜೆ 5.50

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಹಳೆಯ ಏಜೆಂಟ್ ಪ್ಯಾಕೇಜುಗಳನ್ನು ತೆಗೆದು, ಸರಿಯಾದ ಕಡತದಲ್ಲಿ ವಿಳಾಸ ಬರೆದ ಕೂಡಲೇ ಎರಡೂ ಉಬುಂಟು ಯಂತ್ರಗಳು ಮಾತನಾಡಿದವು. ರಾಕಿ ಯಂತ್ರದ ವಿಷಯದಲ್ಲಿ ಫೈರ್‌ವಾಲ್‌ಡಿಯದೇ ತಪ್ಪಾಗಿತ್ತು, ನೆಟ್‌ವರ್ಕ್ ವಿಭಾಗಕ್ಕೆ ಹೋಗಿ ಕ್ಷಮೆ ಕೇಳಿ ಚಹಾ ಕುಡಿಸಿ ಬಂದೆ. ಕ್ಲೋನ್ ಯಂತ್ರಕ್ಕೆ ಹೆಸರು ಬದಲಿಸಿದ ಮೇಲೆ ಗರಗಸ ನಿಂತಿತು. ಶೇ. 81 ತುಂಬಿದ್ದದ್ದು ಮೌನವಾಗಿದ್ದ ಯಂತ್ರವೇ, ಅದರಲ್ಲಿ ಮೂರು ವರ್ಷಗಳ ಹಳೆಯ ಲಾಗುಗಳಿದ್ದವು. ಐನೋಡ್ ನೋಡಿದೆ, ಸದ್ಯಕ್ಕೆ ಶೇ. 9 ಮಾತ್ರ ಬಳಕೆಯಾಗಿದೆ. ಬ್ಯಾಕಪ್ ಕಡತದ ಗಾತ್ರ ನೋಡುವಾಗ ಕೈ ನಡುಗಿದ್ದು ನಿಜ, ಆದರೆ ಅದು 3.2 ಜಿಬಿ ಇತ್ತು.

ಕರಾವಳಿಕರ್ನಲ್ ಅವರು ಹೇಳಿದಂತೆ ಮಧ್ಯಾಹ್ನ ಮೂರಕ್ಕೆ ಗ್ರಂಥಾಲಯದ ಸರ್ವರಿನ ಏಜೆಂಟನ್ನು ನಿಲ್ಲಿಸಿ ನನ್ನ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತೆ. ಮೂರು ನಿಮಿಷವಾಯಿತು, ಐದಾಯಿತು, ಹತ್ತಾಯಿತು, ನನ್ನ ಫೋನ್ ಸದ್ದು ಮಾಡಲಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಕರೆಯೊಂದು ಬಂತು. ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದು ಕಳೆದ ವರ್ಷ ನಿವೃತ್ತರಾದ ಸರ್ ಅವರದು. ಎಸ್‌ಎಂಎಸ್ ಗೇಟ್‌ವೇಯಲ್ಲಿ ನಮ್ಮ ವಿಭಾಗದ ಹೆಸರಿಗೆ ಇನ್ನೂ ಅವರ ಸಂಖ್ಯೆಯೇ ಇತ್ತು, ನಾನು ಆ ಹೆಸರನ್ನೇ ಆರಿಸಿ ಮುಂದೆ ಹೋಗಿದ್ದೆ. ‘ತಮ್ಮಾ, ಗ್ರಂಥಾಲಯದ ಸರ್ವರ್ ಬಿದ್ದಿದೆಯಂತೆ, ಏಳೆಂಟು ಸಂದೇಶ ಬಂದವು. ಮೊದಲು ಅಲ್ಲಿನ ಪವರ್ ಕೇಬಲ್ ನೋಡು, ಅದು ಯಾವಾಗಲೂ ಸಡಿಲ’ ಎಂದರು.

ಕರಾವಳಿಕರ್ನಲ್ · 6.04

ಕೇಬಲ್ ನೋಡಿದಿರಾ?

ಹೊಸಕಾವಲುಗಾರ · 6.11

ನೋಡಿದೆ. ಸಡಿಲವಾಗಿಯೇ ಇತ್ತು.